ಅವ್ವನಿಗೊಂದು ರಿವಾಲ್ವರ್

ಈ ಪ್ರಕರಣದ ತಾಯಿ, ಮಗ, ಮಗಳು ಯಾವುದೋ ಒಂದು ಮನೆಯವರಲ್ಲ. ಹಲವು ಮನೆಗಳಲ್ಲಿ ಏಳುವ ಮಾತುಗಳನ್ನು ಒಂದೇ ಮನೆಯಲ್ಲಿ ಕೂರಿಸಿ ವಿಚಾರಕ್ಕೆ ಇಟ್ಟಿದ್ದೇನೆ. ಕಾಯ್ದೆ, ಬೆಲೆ, ಊರು, ಅಂಕಿಸಂಖ್ಯೆಗಳು ಮಾತ್ರ ಇದ್ದದ್ದು ಇದ್ದಂತೆ.

ಪ್ರಕರಣ

ತಾಯಿಗೆ 67 ವರ್ಷ. ಬೆಳಗಾವಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಹುಟ್ಟಿದವರು. ಗಂಡ ಮರಾಠಾ ಲೈಟ್ ಇನ್‌ಫಂಟ್ರಿಯಲ್ಲಿ ಸುಬೇದಾರರಾಗಿ ನಿವೃತ್ತರಾದರು. ಕೊನೆಯ ವರ್ಷಗಳಲ್ಲಿ ದಂಪತಿ ಪುಣೆ ಕ್ಯಾಂಪ್‌ನ ಹಳೆಯ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ ನೆಲೆಸಿದ್ದರು. ಸೈನ್ಯದ ಕ್ಯಾಂಟೀನು ಹತ್ತಿರ, ಕಮಾಂಡ್ ಆಸ್ಪತ್ರೆ ಹತ್ತಿರ, ನೆರೆಯಲ್ಲಿ ಪಾರ್ಸಿ, ಮುಸ್ಲಿಂ, ಕ್ರೈಸ್ತ, ಮರಾಠಿ ಕುಟುಂಬಗಳು. ಗಂಡ ತೀರಿಕೊಂಡ ಮೇಲೂ ಆಕೆ ಅಲ್ಲಿಯೇ ಉಳಿದರು. ಮಗಳು ಹುಬ್ಬಳ್ಳಿಯಲ್ಲಿ, ಮಗ ಅಮೆರಿಕದ ಟೆಕ್ಸಸ್‌ನಲ್ಲಿ.

ಒಂದು ಸಂಜೆ ಶಿವಾಜಿ ಮಾರ್ಕೆಟ್ಟಿನಿಂದ ಕಾಯಿಪಲ್ಯ ತೆಗೆದುಕೊಂಡು ಬರುವಾಗ ಹಿಂದಿನಿಂದ ಬೈಕು ಬಂತು. ಹಿಂದೆ ಕೂತಿದ್ದವನು ಕೊರಳಿಗೆ ಕೈಹಾಕಿ ಎರಡೆಳೆಯ ಸರ ಕಿತ್ತುಕೊಂಡ. ಕುತ್ತಿಗೆಯ ಮೇಲೆ ಗೀರು ಬಿತ್ತು. ಆಕೆ ಬೀಳಲಿಲ್ಲ. ಆದರೆ ಅಂದಿನಿಂದ ಬೈಕಿನ ಸದ್ದು ಕೇಳಿದರೆ ಗೋಡೆಗೆ ಒತ್ತಿ ನಿಲ್ಲತೊಡಗಿದರು.

ಮಗ ಎರಡು ವಾರ ಹುಡುಕಿ ಒಂದು ತೀರ್ಮಾನಕ್ಕೆ ಬಂದ. ಅವ್ವನಿಗೆ ಸಣ್ಣ ರಿವಾಲ್ವರ್ ಒಂದು ಬೇಕು, ಅದನ್ನು ಯಾರಿಗೂ ಕಾಣದಂತೆ ಒಯ್ಯಲು ತಕ್ಕ ಹೋಲ್‌ಸ್ಟರ್ ಬೇಕು. ಒಳಗೆ ಗುಪ್ತ ಖಾನೆಯಿರುವ ಹೆಂಗಸರ ಕೈಚೀಲವೊಂದನ್ನೂ ಆರಿಸಿಟ್ಟ. "ಅವ್ವಾ, ನಾ ಇಲ್ಲಿಂದ ಓಡಿ ಬರಾಕ ಆಗೂದಿಲ್ಲ. ನಿನ್ನ ಕೈಯಾಗ ಏನಾರ ಇರಬೇಕು" ಎಂದ.

ಮಗಳು ಒಪ್ಪಲಿಲ್ಲ. "ಅಣ್ಣಾ, ಹಿಂದಿನಿಂದ ಬಂದು ಸರ ಕಿತಗೊಂಡು ಹೋದಾವನ ಮುಖಾನೂ ಅವ್ವ ನೋಡಿಲ್ಲ. ಆಕಿ ಯಾರಿಗೆ ಹೊಡೀಬೇಕು?"

ಅಣ್ಣ ತಂಗಿ ಹತ್ತಾರು ಸಲ ವಾದಿಸಿದರು. ತಾಯಿಯನ್ನು ಇಬ್ಬರೂ ಕೇಳಲಿಲ್ಲ.

ಮಗನ ಪಕ್ಷ

ಮಗನನ್ನು ತಿಳಿಗೇಡಿ ಎಂದು ಬದಿಗೆ ಸರಿಸಿದರೆ ಪ್ರಕರಣಕ್ಕೆ ಅನ್ಯಾಯವಾಗುತ್ತದೆ. ಅವನ ಭಯ ನಿಜ. ದೂರದಲ್ಲಿರುವ ಮಗನ ಅಸಹಾಯಕತೆಯೂ ನಿಜ. ಟೆಕ್ಸಸ್‌ನಲ್ಲಿ 2021ರ ಸೆಪ್ಟೆಂಬರ್ 1ರಿಂದ, ಕಾಯ್ದೆಯ ಅಡ್ಡಿಯಿಲ್ಲದ 21 ದಾಟಿದವರು ಪರವಾನಗಿಯಿಲ್ಲದೆಯೇ ಪಿಸ್ತೂಲು ಒಯ್ಯಬಹುದು. ಅಲ್ಲಿ ಅವನ ಸಹೋದ್ಯೋಗಿಗಳು ತಾಯಂದಿರಿಗೆ, ಹೆಂಡಂದಿರಿಗೆ ಆಯುಧ ಆರಿಸಿಕೊಡುವುದು ಕಾಳಜಿಯ ಕೆಲಸ. ಅದನ್ನು ದಿನವೂ ಕಂಡವನಿಗೆ ತನ್ನ ತಾಯಿಗೂ ಹಾಗೇ ಮಾಡಬೇಕೆನಿಸಿದ್ದು ಸಹಜ.

ಅವನ ವಾದಕ್ಕೆ ನಮ್ಮ ದೇಶದಲ್ಲಿಯೂ ಆಧಾರವಿದೆ. ಆತ್ಮರಕ್ಷಣೆಯ ಹಕ್ಕನ್ನು ಭಾರತೀಯ ನ್ಯಾಯ ಸಂಹಿತೆ 34ರಿಂದ 44ನೇ ಕಲಂಗಳಲ್ಲಿ ಒಪ್ಪಿದೆ. ಸಾವಿನ, ತೀವ್ರ ಗಾಯದ, ಅತ್ಯಾಚಾರದ, ಆಸಿಡ್ ದಾಳಿಯ ಭಯವಿದ್ದಾಗ ಎದುರಾಳಿಯ ಪ್ರಾಣ ಹೋದರೂ ಅದು ಅಪರಾಧವಾಗದು ಎನ್ನುತ್ತದೆ 38ನೇ ಕಲಂ. 2014ರ ಜನವರಿಯಲ್ಲಿ ಕಾನ್ಪುರದ ಸರ್ಕಾರಿ ಆರ್ಡ್‌ನನ್ಸ್ ಕಾರ್ಖಾನೆಯೇ ಹೆಂಗಸರಿಗಾಗಿ 'ನಿರ್ಭೀಕ್' ಎಂಬ .32 ರಿವಾಲ್ವರನ್ನು ಹೊರತಂದಿತು. ತೂಕ ಸುಮಾರು 500 ಗ್ರಾಂ, ಆಗಿನ ಬೆಲೆ 1,22,360 ರೂಪಾಯಿ. ಒಡವೆ ಪೆಟ್ಟಿಗೆಯಂಥ ಕೆಂಗಂದು ಪೆಟ್ಟಿಗೆಯಲ್ಲಿ ಇಟ್ಟು ಮಾರಿದರು. ದೆಹಲಿಯ 2012ರ ಸಾಮೂಹಿಕ ಅತ್ಯಾಚಾರದ ನೆನಪು ಇನ್ನೂ ಹಸಿಯಾಗಿತ್ತು.

ಆಗಲೇ ವಿರೋಧವೂ ಬಂತು. ಮಣಿಪುರದಲ್ಲಿ ಗುಂಡಿಗೆ ಗಂಡಂದಿರನ್ನು, ಮಕ್ಕಳನ್ನು ಕಳೆದುಕೊಂಡ ಹೆಂಗಸರ ಜೊತೆ ದುಡಿಯುವ ಬೀನಾಲಕ್ಷ್ಮಿ ನೆಪ್ರಮ್ ಇದನ್ನು ಕಟುವಾಗಿ ಟೀಕಿಸಿದರು. ಹೆಣ್ಣನ್ನು ಕಾಯಬೇಕಾದ ವ್ಯವಸ್ಥೆ ಅವಳ ಕೈಗೆ ರಿವಾಲ್ವರ್ ಇಟ್ಟು ತನ್ನ ಹೊಣೆ ಕಳಚಿಕೊಳ್ಳಬಾರದು ಎಂಬುದರಲ್ಲಿ ನ್ಯಾಯವಿದೆ. ಆದರೆ ಹೆಣ್ಣಿಗೆ ಆಯುಧ ಹೊಂದುವುದಿಲ್ಲ, ಅದು ಗಂಡಸಿನದು ಎಂಬ ಮಾತು ಅದರ ಬೆನ್ನಿಗೆ ನುಸುಳಿದರೆ ಅದನ್ನು ಒಪ್ಪಲಾಗದು. ಕೊಡಗಿನ ಹೆಣ್ಣುಮಕ್ಕಳು ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆದು ಗಂಡಸರೊಡನೆ ಬಹುಮಾನ ಗೆಲ್ಲುತ್ತಾರೆ. ಆದ್ದರಿಂದ ಈ ತಾಯಿ ಹೆಂಗಸು, ವಯಸ್ಸಾದವಳು ಎಂಬ ಕಾರಣಕ್ಕೆ ಮಗನ ಮಾತನ್ನು ತಳ್ಳಿಹಾಕುವಂತಿಲ್ಲ. ಆಯುಧವನ್ನೂ ಅದರ ಕೆಲಸವನ್ನೂ ಹತ್ತಿರದಿಂದ ನೋಡಬೇಕು.

ಆಯುಧವೂ ಹೋಲ್‌ಸ್ಟರೂ

ನಮ್ಮಲ್ಲಿ ಸಾಮಾನ್ಯ ನಾಗರಿಕರಿಗೆ 9 ಎಂ.ಎಂ. ಪಿಸ್ತೂಲು ಸಿಗುವುದಿಲ್ಲ, ಅದು ನಿಷೇಧಿತ ಬೋರ್ (ನಳಿಗೆಯ ಅಳತೆ). ಸಿಗುವುದು ಮುಖ್ಯವಾಗಿ .32 ಮತ್ತು .22. ಪಿಸ್ತೂಲಾದರೆ ಮೇಲಿನ ಸ್ಲೈಡನ್ನು ಬಲವಾಗಿ ಹಿಂದಕ್ಕೆಳೆದು ಗುಂಡು ತುಂಬಬೇಕು. ಸಂಧಿವಾತದ ಬೆರಳುಗಳಿಗೆ ಅದು ಕಷ್ಟ. ರಿವಾಲ್ವರ್ ಸರಳ, ಸ್ಲೈಡಿನ ಗೊಡವೆಯಿಲ್ಲ. ಆದರೆ ಸುತ್ತಿಗೆಯನ್ನು ಮೊದಲೇ ಎಳೆದಿಡದೆ ನೇರವಾಗಿ ಹೊಡೆಯುವಾಗ ಟ್ರಿಗರ್ ಬಹಳ ಬಿಗಿ. ಅಷ್ಟು ಬಲ ಹಾಕಿಯೂ ನಳಿಗೆ ಅಲುಗದಂತೆ ಹಿಡಿಯಲು ತಿಂಗಳುಗಟ್ಟಲೆ ಅಭ್ಯಾಸ ಬೇಕು. ಹಗುರ ಮಾಡಿದರೆ ಹಿನ್ನೊದೆತ ಹೆಚ್ಚು, ಭಾರ ಮಾಡಿದರೆ ಹೊರುವುದು ಕಷ್ಟ. 2023ರಲ್ಲಿ ಕಾನ್ಪುರದಿಂದಲೇ ಬಂದ 'ಪ್ರಬಲ್' ರಿವಾಲ್ವರಿನ ತೂಕ ಸುಮಾರು 700 ಗ್ರಾಂ.

ಇನ್ನು ಹೋಲ್‌ಸ್ಟರ್. ಒಳ್ಳೆಯ ಹೋಲ್‌ಸ್ಟರಿನ ಲಕ್ಷಣಗಳು ಮೂರು. ಟ್ರಿಗರನ್ನು ಪೂರ್ತಿ ಮುಚ್ಚಬೇಕು, ಬಗ್ಗಿದರೂ ಓಡಿದರೂ ಆಯುಧ ಜಾರಬಾರದು, ಬೇಕಾದಾಗ ಕೈ ಪ್ರತಿಸಲವೂ ಒಂದೇ ಜಾಗಕ್ಕೆ ಹೋಗಬೇಕು. ಇದಕ್ಕೆ ಗಟ್ಟಿ ಬೆಲ್ಟು ಬೇಕು. ಸೀರೆ ಉಡುವ ಹೆಂಗಸಿನ ನಡುವಿನಲ್ಲಿ ಇರುವುದು ಲಂಗದ ಲಾಡಿ. ಅದು ಮುಕ್ಕಾಲು ಕಿಲೊ ಉಕ್ಕನ್ನು ಅಲುಗದಂತೆ ಹಿಡಿಯಲಾರದು. ಹಿಡಿದರೂ ಸೆರಗು ಸರಿಸಿ, ನಿರಿಗೆ ಸರಿಸಿ ಆಯುಧ ತೆಗೆಯುವಷ್ಟರಲ್ಲಿ ಬೈಕು ಕ್ವಾರ್ಟರ್ ಗೇಟ್ ದಾಟಿರುತ್ತದೆ.

ಹಾಗಾದರೆ ಕೈಚೀಲ? ಮಗ ಆರಿಸಿದ್ದು ಅದನ್ನೇ. ಬೀದಿಯಲ್ಲಿ ಕಳ್ಳನ ಕೈ ಕೊರಳ ಸರಕ್ಕೆ ಹೋಗುತ್ತದೆ, ಇಲ್ಲವೇ ಕೈಚೀಲಕ್ಕೆ. ಮೊದಲ ಸಲ ಸರ ಹೋಯಿತು, ಎರಡನೇ ಸಲ ಚೀಲ ಹೋದರೆ ತುಂಬಿದ ರಿವಾಲ್ವರೊಂದು ಅದೇ ಬೈಕಿನ ಮೇಲೆ ಊರು ಸೇರುತ್ತದೆ. ನಾಳೆ ಅದು ಯಾರ ಹಣೆಗೆ ತಾಗೀತೋ, ಅದರ ಪರವಾನಗಿಯ ಮೇಲೆ ಈ ತಾಯಿಯ ಹೆಸರಿರುತ್ತದೆ. ಚೀಲವನ್ನು ಆಕೆ ತರಕಾರಿ ಅಂಗಡಿಯ ಹಲಗೆಯ ಮೇಲಿಡುತ್ತಾರೆ, ಆಸ್ಪತ್ರೆಯ ಬೆಂಚಿನ ಮೇಲಿಡುತ್ತಾರೆ, ಮೊಮ್ಮಕ್ಕಳು ಬಂದಾಗ ಚಾಕಲೇಟಿಗಾಗಿ ಅದರೊಳಗೆ ಕೈಹಾಕುತ್ತಾರೆ.

2014ರ ಡಿಸೆಂಬರ್ 30ರಂದು ಅಮೆರಿಕದ ಐಡಾಹೊ ರಾಜ್ಯದ ಹೇಡನ್ ಎಂಬ ಊರಿನ ದೊಡ್ಡ ಅಂಗಡಿಯೊಂದರಲ್ಲಿ ಎರಡು ವರ್ಷದ ಮಗು ತಾಯಿಯ ಚೀಲದೊಳಗೆ ಕೈಹಾಕಿತು. ಆಕೆ ಆಯುಧದ ತಿಳಿವಳಿಕೆಯಿದ್ದವಳು, ಪರವಾನಗಿಯಿದ್ದವಳು. ಚೀಲದಲ್ಲಿ ಪಿಸ್ತೂಲಿಗೆಂದೇ ಬೇರೆ ಖಾನೆಯಿತ್ತು, ಅದನ್ನು ಕ್ರಿಸ್‌ಮಸ್ಸಿಗೆ ಗಂಡ ಉಡುಗೊರೆ ಕೊಟ್ಟಿದ್ದ. ಗುಂಡು ಹಾರಿ ತಾಯಿ ಅಲ್ಲೇ ತೀರಿಕೊಂಡಳು. ಪ್ರೀತಿಯಿಂದ ಕೊಟ್ಟದ್ದು, ಕಾಳಜಿಯಿಂದ ಆರಿಸಿದ್ದು, ಕಾಯ್ದೆಗೆ ಒಪ್ಪಿದ್ದು. ಇಷ್ಟೂ ಕೂಡಿದರೂ ಅವಳು ಉಳಿಯಲಿಲ್ಲ.

ಕಾಯ್ದೆ ಯಾರನ್ನು ಕೇಳುತ್ತದೆ

ಪುಣೆ ನಗರದಲ್ಲಿ ಆಯುಧದ ಪರವಾನಗಿ ಕೊಡುವವರು ಪೊಲೀಸ್ ಆಯುಕ್ತರು. ಅವರ ಕಚೇರಿ ಇರುವುದೂ ಕ್ಯಾಂಪ್‌ನಲ್ಲಿಯೇ, ಸಾಧು ವಾಸ್ವಾನಿ ಚೌಕದ ಬಳಿ. 1959ರ ಆಯುಧ ಕಾಯ್ದೆ ಮತ್ತು 2016ರ ಆಯುಧ ನಿಯಮಗಳ ಪ್ರಕಾರ ಅರ್ಜಿಯನ್ನು ಆಯುಧ ಹೊರುವವರೇ ಹಾಕಬೇಕು. ಟೆಕ್ಸಸ್‌ನ ಮಗ ತಾಯಿಯ ಪರವಾಗಿ ಹಾಕುವಂತಿಲ್ಲ. ನಿನಗೆ ಯಾರಿಂದ ಅಪಾಯ ಎಂದು ಅಧಿಕಾರಿ ಕೇಳುವುದು ಆಕೆಯನ್ನು. ಠಾಣೆಯ ವರದಿ ಆಕೆಯ ಬಗ್ಗೆ, ವೈದ್ಯರ ಪತ್ರ ಆಕೆಯ ದೇಹ ಮನಸ್ಸುಗಳ ಬಗ್ಗೆ, ಸುರಕ್ಷತೆಯ ತರಬೇತಿ ಪಡೆಯಬೇಕಾದವರೂ ಆಕೆಯೇ. ಪರವಾನಗಿ ಸಿಕ್ಕರೆ ಐದು ವರ್ಷಕ್ಕೆ, 2019ರ ತಿದ್ದುಪಡಿಯಂತೆ. ಅದು ಮಹಾರಾಷ್ಟ್ರಕ್ಕೆ ಮಾತ್ರ ಸಿಕ್ಕಿದ್ದರೆ ನಿಪ್ಪಾಣಿ ದಾಟಿ ತವರಿಗೆ ಹೋಗುವಾಗ ಆಯುಧ ಪುಣೆಯಲ್ಲೇ ಉಳಿಯಬೇಕು. ಚುನಾವಣೆ ಬಂದರೆ ಠಾಣೆಗೆ ಒಪ್ಪಿಸಬೇಕಾಗಬಹುದು.

ಮಗ ಹುಡುಕುತ್ತಿದ್ದ ಮರೆಯ ಹೋಲ್‌ಸ್ಟರಿನ ಬಗ್ಗೆಯೂ ನಮ್ಮ ನಿಯಮಗಳಲ್ಲಿ ಮಾತಿದೆ. ಸಾರ್ವಜನಿಕ ಜಾಗದಲ್ಲಿ ಕೈಬಂದೂಕು ಹೋಲ್‌ಸ್ಟರಿನಲ್ಲೋ ಅದಕ್ಕೆ ತಕ್ಕ ಚೀಲದಲ್ಲೋ ಪೂರ್ತಿ ಮುಚ್ಚಿರಬೇಕು, ಹೊತ್ತವರಿಗೆ ಅದರ ಮೇಲೆ ಪರಿಣಾಮಕಾರಿ ಹತೋಟಿ ಇರಬೇಕು. ಅದನ್ನು ತೋರಿಸಿ ಝಳಪಿಸುವುದು ನಿಷಿದ್ಧ. ಈ ನಿಯಮದ ಹಿಂದಿನ ಬುದ್ಧಿ ದೊಡ್ಡದು. ಆಯುಧ ಹೆದರಿಸುವ ವಸ್ತುವಾಗಬಾರದು. ಅದು ಹೊರಬಂದರೆ ಪ್ರಾಣಕ್ಕೇ ಬಂದಾಗ ಮಾತ್ರ ಹೊರಬರಬೇಕು. ನಡುವಿನ ಹಂತ ಒಂದೂ ಇಲ್ಲ. "ತೆಗೆದು ತೋರಿಸಿದರೆ ಸಾಕು, ಓಡಿಹೋಗುತ್ತಾರೆ" ಎಂದು ಮಗ ಹೇಳುವ ಸಮಾಧಾನವನ್ನು ಕಾಯ್ದೆ ಮೊದಲೇ ಕಿತ್ತುಹಾಕಿದೆ.

2024ರ ಜುಲೈಯಲ್ಲಿ ಪುಣೆ ಜಿಲ್ಲೆಯ ಮುಳಶಿ ತಾಲೂಕಿನದೊಂದು ವಿಡಿಯೊವನ್ನು ದೇಶವೇ ನೋಡಿತು. ಹಿಂದಿನ ವರ್ಷ ಜಮೀನಿನ ತಕರಾರಿನಲ್ಲಿ ಮಹಿಳೆಯೊಬ್ಬರು ಕೈಯಲ್ಲಿ ಪಿಸ್ತೂಲು ಹಿಡಿದು ರೈತರೆದುರು ನಿಂತಿದ್ದ ದೃಶ್ಯ ಅದು. ಪೊಲೀಸರು ಆಕೆಯನ್ನು ಬಂಧಿಸಿದರು. ಆರೋಪದ ನಿರ್ಣಯ ನ್ಯಾಯಾಲಯದ್ದು. ನಮ್ಮ ಪ್ರಕರಣಕ್ಕೆ ಬೇಕಾದದ್ದು ಇಷ್ಟೇ: ರಕ್ಷಣೆಗೆಂದು ಪಡೆದ ಆಯುಧ ಜಗಳದ ಮಧ್ಯೆ ಕೈಗೆ ಬರುವುದು ಕೆಟ್ಟವರ ಬಾಳಿನಲ್ಲಿ ಮಾತ್ರ ಆಗುವ ಸಂಗತಿಯಲ್ಲ. ಹತ್ತಿರವಿದ್ದ ಆಯುಧ ಸಿಟ್ಟಿಗೂ ಹತ್ತಿರವೇ ಇರುತ್ತದೆ.

ಸರಗಳ್ಳನ ವಿಷಯಕ್ಕೆ ಬಂದರೆ, ನ್ಯಾಯ ಸಂಹಿತೆಯ 304ನೇ ಕಲಂ ಕಿತ್ತುಕೊಂಡು ಓಡುವುದನ್ನು ಪ್ರತ್ಯೇಕ ಅಪರಾಧವೆಂದು ಗುರುತಿಸಿ ಮೂರು ವರ್ಷದವರೆಗೆ ಶಿಕ್ಷೆ ಹೇಳಿದೆ. ರಕ್ಷಣೆಗೆ ಎಷ್ಟು ಬೇಕೋ ಅಷ್ಟೇ ಬಲ, ಅದಕ್ಕಿಂತ ಹೆಚ್ಚಲ್ಲ ಎನ್ನುತ್ತದೆ 37ನೇ ಕಲಂ. ಸರ ಕಿತ್ತು ಓಡುತ್ತಿರುವವನ ಬೆನ್ನಿಗೆ ಗುಂಡಿಟ್ಟರೆ ಅದು ರಕ್ಷಣೆ ಅನ್ನಿಸಿಕೊಳ್ಳದು. ಗುರಿ ತಪ್ಪಿದರೆ ಸಂಜೆಯ ಎಂ.ಜಿ. ರಸ್ತೆಯಲ್ಲಿ, ಈಸ್ಟ್ ಸ್ಟ್ರೀಟಿನಲ್ಲಿ ಆ ಗುಂಡಿಗೆ ಎದೆಯೊಡ್ಡುವವರು ಬ್ರೆಡ್ಡು ಕೊಳ್ಳಲು ಬಂದ ಜನ.

ಮನೆಯೊಳಗಿನ ಅಪಾಯ

ಬೀದಿಯ ಕಳ್ಳನ ಬಗ್ಗೆ ಇಷ್ಟು ಯೋಚಿಸಿದ ಮಗ ಮನೆಯೊಳಗಿನ ಒಂಟಿತನದ ಬಗ್ಗೆ ಯೋಚಿಸಿರಲಿಲ್ಲ. ಕ್ಯಾಲಿಫೋರ್ನಿಯದ ಸುಮಾರು 2.6 ಕೋಟಿ ಜನರ ದಾಖಲೆಗಳನ್ನು 2004ರಿಂದ 2016ರವರೆಗೆ ಹಿಂಬಾಲಿಸಿದ ಅಧ್ಯಯನವೊಂದು 2020ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು. ಕೈಬಂದೂಕು ಹೊಂದಿದ ಹೆಂಗಸರಲ್ಲಿ ಆತ್ಮಹತ್ಯೆಯ ಪ್ರಮಾಣ, ಹೊಂದಿರದ ಹೆಂಗಸರಿಗಿಂತ ಸುಮಾರು 7 ಪಟ್ಟು ಹೆಚ್ಚಿತ್ತು. ಗುಂಡಿನಿಂದಲೇ ಆದ ಆತ್ಮಹತ್ಯೆಯನ್ನಷ್ಟೇ ಲೆಕ್ಕಕ್ಕೆ ಹಿಡಿದರೆ 35 ಪಟ್ಟು. ಅಮೆರಿಕದ ಲೆಕ್ಕ ನಮಗೆ ಹಾಗೇ ಅನ್ವಯಿಸುವುದಿಲ್ಲ. ಆದರೂ ದುಃಖದ ಒಂದು ಗಳಿಗೆಗೂ ಸಾವಿಗೂ ನಡುವೆ ಇರುವ ಅಂತರವನ್ನು ಬಂದೂಕು ಇಲ್ಲವಾಗಿಸುತ್ತದೆ ಎಂಬುದು ಎಲ್ಲ ದೇಶಕ್ಕೂ ಸತ್ಯ. ಗಂಡ ತೀರಿಕೊಂಡು, ಮಕ್ಕಳು ದೂರವಾಗಿ, ಈಚೆಗೆ ಹೊರಗೆ ಹೋಗಲೂ ಅಂಜುತ್ತಿರುವ ತಾಯಿಯ ಹಾಸಿಗೆಯ ಪಕ್ಕ ತುಂಬಿದ ರಿವಾಲ್ವರ್ ಇಡುವ ಮೊದಲು ಮಕ್ಕಳು ಅವಳ ರಾತ್ರಿಗಳ ಬಗ್ಗೆ ಕೇಳಿರಬೇಕಿತ್ತು.

ಬಂದೂಕು ಮನೆಯೊಳಗೆ ಮರ್ಯಾದೆಯಿಂದ ಬದುಕಿದ ಉದಾಹರಣೆ ನಮ್ಮ ನಾಡಿನಲ್ಲಿಯೇ ಇದೆ. ಕೊಡಗಿನ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇರುವ ಬಂದೂಕು ಪರವಾನಗಿಯ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರ ಅಕ್ಟೋಬರ್‌ವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಆಯುಧಗಳನ್ನು ದೇವರ ಕೋಣೆಯಲ್ಲಿಟ್ಟು ತೋಕ್‌ಪೂ ಎಂಬ ಹೂವನ್ನು ಏರಿಸಿ ಪೂಜಿಸುತ್ತಾರೆ. ಅಲ್ಲಿ ಬಂದೂಕು ಎಲ್ಲರ ಕಣ್ಣಿಗೆ ಬೀಳುವಂಥದ್ದು. ಅಜ್ಜ ಹಿಡಿದದ್ದನ್ನು ಮೊಮ್ಮಕ್ಕಳು ನೋಡಿ ಕಲಿಯುತ್ತಾರೆ, ತಪ್ಪು ನಡೆದರೆ ಒಕ್ಕ, ಅಂದರೆ ಇಡೀ ಮನೆತನ, ಕೇಳುತ್ತದೆ. ಕ್ಯಾಂಪ್‌ನ ಫ್ಲಾಟಿನಲ್ಲಿ ಆಯುಧಕ್ಕೆ ಒಕ್ಕವಿಲ್ಲ. ಒಬ್ಬಳೇ ಅದನ್ನು ಬಚ್ಚಿಡಬೇಕು, ಒಬ್ಬಳೇ ಎಣ್ಣೆ ಹಾಕಬೇಕು, ಒಬ್ಬಳೇ ನೆನಪಿಟ್ಟುಕೊಳ್ಳಬೇಕು.

ತಾಯಿಯ ಮಾತು

ಕೊನೆಗೆ ಮಗಳು ಕೇಳಿದಳು. ತಾಯಿಯ ಉತ್ತರ ಸಿದ್ಧವಾಗಿತ್ತು.

"ನಿಮ್ಮಪ್ಪ ಪಲ್ಟಣದ ಆಯುಧದ ಕ್ವಾಣ್ಯಾಗ ಸಹಿ ಮಾಡದ ಒಂದಿನ ಬಂದೂಕು ಮುಟ್ಟಿದಾವ್ರಲ್ಲ. ತಿರುಗಿ ಒಪ್ಪಿಸಿ, ಮತ್ತ ಸಹಿ ಮಾಡಿ ಮನಿಗೆ ಬರತಿದ್ರು. ನನ್ನ ಮನ್ಯಾಗ ಆ ಸಹಿ ಯಾರು ಮಾಡಸ್ಕೋತಾರ?"

ಸ್ವಲ್ಪ ತಡೆದು ಮಗನಿಗೆ ಹೇಳಿದರು: "ನನಗ ಅಂಜಿಕಿ ಆಗೇದ, ಖರೆ. ಆದ್ರ ಒಬ್ಬನ್ನ ಕೊಂದು ಆಮ್ಯಾಲೆ ಬದುಕಾಕಿ ನಾನು. ನೀ ಅಲ್ಲ."

ದಕ್ಷಿಣ ಕಮಾಂಡಿನ ನೆಲೆಯಾದ ಈ ಊರಿನಲ್ಲಿ, 1869ರಿಂದ ಮದ್ದುಗುಂಡು ತಯಾರಿಸುತ್ತಿರುವ ಖಡಕಿಯ ಕಾರ್ಖಾನೆಯ ಈ ಊರಿನಲ್ಲಿ, ಸಿಪಾಯಿಯ ಹೆಂಡತಿಯಾಗಿ ಬಾಳಿದವರಿಗೆ ಆಯುಧ ಅಪರಿಚಿತವಲ್ಲ. ಸೈನ್ಯ ಶಸ್ತ್ರ ಕೊಡುವಾಗ ತರಬೇತಿ ಕೊಡುತ್ತದೆ, ಆಜ್ಞೆ ಕೊಡುತ್ತದೆ, ಹಾರಿದ ಗುಂಡಿನ ಲೆಕ್ಕ ಕೇಳುತ್ತದೆ, ಕೊಂದ ಭಾರವನ್ನು ಒಬ್ಬನ ತಲೆಯ ಮೇಲೇ ಬಿಡುವುದಿಲ್ಲ. ಆ ಏರ್ಪಾಡನ್ನೆಲ್ಲ ತೆಗೆದುಹಾಕಿ ಉಕ್ಕನ್ನಷ್ಟೇ ಕೊಡುವುದು ಎಂಥ ಕೊಡುಗೆ ಎಂಬುದನ್ನು ಆಕೆ ನಮ್ಮೆಲ್ಲರಿಗಿಂತ ಚೆನ್ನಾಗಿ ಬಲ್ಲರು.

ವಿಚಾರ

ಈ ಪ್ರಕರಣದಲ್ಲಿ ನನ್ನ ತೀರ್ಮಾನ ಹೀಗಿದೆ. ಆಯುಧವನ್ನು ಉಡುಗೊರೆಯಾಗಿ ಕೊಡಲು ಬರುವುದಿಲ್ಲ. ಸೀರೆ ಕೊಟ್ಟರೆ ಉಡದೆ ಇಡಬಹುದು. ರಿವಾಲ್ವರ್ ಕೊಟ್ಟರೆ ಅದರೊಂದಿಗೆ ಒಂದು ನಿರ್ಧಾರವನ್ನೂ ಕೊಟ್ಟಂತೆ: ಕ್ಷಣಾರ್ಧದಲ್ಲಿ, ಒಬ್ಬಂಟಿಯಾಗಿ, ಇನ್ನೊಂದು ಜೀವ ತೆಗೆಯಬೇಕೆ ಬೇಡವೇ ಎಂಬ ನಿರ್ಧಾರ. ಆ ಹೊರೆಯನ್ನು ಇನ್ನೊಬ್ಬರ ತಲೆಗೆ ಹೊರಿಸುವ ಹಕ್ಕು ಮಗನಿಗೂ ಇಲ್ಲ. ನಮ್ಮ ಕಾಯ್ದೆ ಅರ್ಜಿಯಿಂದ ತರಬೇತಿಯವರೆಗೆ ಎಲ್ಲವನ್ನೂ ಹೊರುವವರಿಂದಲೇ ಕೇಳುವುದರಲ್ಲಿ ಕಚೇರಿಯ ಕಿರುಕುಳವಷ್ಟೇ ಕಾಣುವವರಿಗೆ ಅದರ ನೀತಿ ಕಾಣುವುದಿಲ್ಲ.

ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ತಾಯಿಯೊಬ್ಬಳು ತಾನೇ ಯೋಚಿಸಿ, ನಿಜವಾದ ಬೆದರಿಕೆಯಿದ್ದು, ನನಗೆ ಬೇಕು ಎಂದರೆ ಮಕ್ಕಳು ಅಡ್ಡ ಬರಬಾರದು. ಆಗ ಮಾಡುವುದನ್ನು ಪೂರ್ತಿಯಾಗಿ ಮಾಡಬೇಕು. ಅವಳ ಬೆರಳಿಗೆ ಒಗ್ಗುವ ಆಯುಧವನ್ನು ಅವಳೇ ಹಿಡಿದು ನೋಡಿ ಆರಿಸಬೇಕು. ಟ್ರಿಗರ್ ಮುಚ್ಚುವ ಗಟ್ಟಿ ಹೋಲ್‌ಸ್ಟರ್ ಮೈಗೆ ಕಟ್ಟಿರಬೇಕು, ಬಿಡಿ ಚೀಲದಲ್ಲಿ ಎಂದೂ ಇರಬಾರದು. ಅದಕ್ಕೆ ಉಡುಪು ಬದಲಾಗಬೇಕಾದರೆ ಬದಲಾಗಲಿ. ಮನೆಯಲ್ಲಿ ಬೀಗದ ಉಕ್ಕಿನ ಪೆಟ್ಟಿಗೆ, ವರ್ಷವಿಡೀ ಗುರಿ ಅಭ್ಯಾಸ, ಕೈ ನಡುಗತೊಡಗಿದ ದಿನ ಅಥವಾ ಮನಸ್ಸು ಕುಗ್ಗಿದ ದಿನ ಒಪ್ಪಿಸಿಬಿಡುವ ಒಪ್ಪಂದ. ಇದರಲ್ಲಿ ಒಂದೂ ಬಿಡುವಂತಿಲ್ಲ.

ಬೇಡ ಎಂದ ತಾಯಿಯ ಮಗನಿಗೆ ಉಳಿಯುವ ಕೆಲಸ ಕಡಿಮೆಯೇನಲ್ಲ. ಚಿನ್ನ ಬ್ಯಾಂಕಿನ ಲಾಕರಿಗೆ ಹೋಗಲಿ. ಯಾರಾದರೂ ಕಿತ್ತರೆ ಕೊಟ್ಟುಬಿಡು, ನಿನಗಿಂತ ಸರ ದೊಡ್ಡದಲ್ಲ ಎಂದು ಮಗ ತನ್ನ ಬಾಯಿಂದ ಹೇಳಲಿ, ಆ ಮಾತು ಕೇಳದೆ ಸರಕ್ಕಾಗಿ ಎಳೆದಾಡಿ ಬಿದ್ದವರು ಬಹಳ. 112 ಒತ್ತುವುದು ಕೈಗೆ ರೂಢಿಯಾಗಲಿ. ಸಂಜೆಯ ಮಾರುಕಟ್ಟೆಗೆ ನೆರೆಯವರ ಜೊತೆ ಸಿಗಲಿ. ಠಾಣೆಯಲ್ಲಿ ದೂರು ದಾಖಲಾಗಿ ಅದರ ಬೆನ್ನು ಹತ್ತಲು ಮಗಳು ಹುಬ್ಬಳ್ಳಿಯಿಂದ ಬರಲಿ. ಮಗ ರಜೆ ಹಾಕಿ ಬಂದು ತಿಂಗಳಿದ್ದು, ಆ ಬೀದಿಯಲ್ಲಿ ಆಕೆಯ ಜೊತೆ ಮತ್ತೆ ನಡೆಯಲಿ. ಇವು ಯಾವುವೂ ರಿವಾಲ್ವರಿನಷ್ಟು ಬೇಗ ಮಗನ ಭಯವನ್ನು ತಣಿಸುವುದಿಲ್ಲ, ಏಕೆಂದರೆ ಇವುಗಳಲ್ಲಿ ಅವನೂ ದುಡಿಯಬೇಕು.

ತಾಯಿಗೆ ಆಯುಧ ಆರಿಸಲು ಹೊರಟ ಮಕ್ಕಳು ಬೋರ್, ತೂಕ, ಹೋಲ್‌ಸ್ಟರ್ ನೋಡುವ ಮೊದಲು ಎರಡು ಪ್ರಶ್ನೆಗಳಿಗೆ ಪ್ರಾಮಾಣಿಕವಾಗಿ ಉತ್ತರಿಸಿಕೊಳ್ಳಲಿ. ಈ ಭಯ ಯಾರದು, ಅವಳದೋ ನಮ್ಮದೋ? ಟ್ರಿಗರ್ ಎಳೆದ ಮರುದಿನ ಅವಳ ಪಕ್ಕದಲ್ಲಿ ಯಾರಿರುತ್ತಾರೆ? ಎರಡನೆಯದಕ್ಕೆ 'ಯಾರೂ ಇಲ್ಲ' ಎಂಬುದು ಉತ್ತರವಾದರೆ ಆಯುಧ ಕೊಡಬಾರದು. ಅಷ್ಟು ಒಂಟಿಯಾಗಿರುವವರಿಗೆ ಮೊದಲು ಬೇಕಾದದ್ದು ಜನ, ಅದನ್ನು ಒದಗಿಸುವ ಹೊಣೆ ಮಕ್ಕಳದು, ನೆರೆಯದು, ಪೊಲೀಸರದು. ಆ ಹೊಣೆಯನ್ನು ಮುಕ್ಕಾಲು ಕಿಲೊ ಉಕ್ಕಿಗೆ ವಹಿಸಿ ಕೈತೊಳೆದುಕೊಳ್ಳುವುದನ್ನು ಪ್ರೀತಿ ಎಂದು ಕರೆಯಲು ನಾನು ಒಪ್ಪುವುದಿಲ್ಲ.